ಅತ್ತೆಯ ಗಾಂಧಾರ

ಅರವತ್ತರ ದಶಕದಲ್ಲಿ, ಸಾಗರದಲ್ಲಿ ಮುಚ್ಚಿಹೋದ ನಾಟಕ ಕಂಪನಿಯೊಂದರ ಹಾರ್ಮೋನಿಯಂ ಕೊಂಡ ಅಪ್ಪ ಅದನ್ನು ಬಸ್ಸಿನ ಮೇಲೆ ಹಾಕಿಸಿ ಹೊಸನಗರದ ನಮ್ಮ ಮನೆಗೆ ತಂದ. ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ನಮ್ಮ ಜೊತೆಗೇ ಇದ್ದಳು. ಜೀವಮಾನವಿಡೀ ತಂಬೂರಿ ಮೀಟಿ ಹಾಡಿದವಳು. ಅಪ್ಪ ಮೊದಲ ಸರಿಗಮ ನುಡಿಸಿದ್ದೇ, ಹಲ್ಲುನೋವು ಬಂದವರಂತೆ ಕೆನ್ನೆ ಹಿಡಿದುಕೊಂಡಳು.

"ತಮಾ, ಇದ್ರ ಗಾಂಧಾರ ಮೇಲೆ ಹೋಯ್ದು."

"ಪೆಟ್ಟಿಗೆ ಸರಿ ಇದ್ದು. ನಿನ್ನ ಕಿವಿನೇ ಕೆಳಗಿದ್ದು."

ಇಬ್ಬರೂ ಹೇಳಿದ್ದು ನಿಜ ಎಂದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ಯಾವ ಮನೆಯಿಂದ, ಅಂದರೆ ಯಾವ ಕೀಲಿಯಿಂದ, ಷಡ್ಜ ಹಿಡಿದರೂ ನಡೆಯಲಿ ಎಂದು ಹಾರ್ಮೋನಿಯಂನ ಹನ್ನೆರಡು ಮನೆಗಳನ್ನು ಸಮನಾಗಿ ಹಂಚಿರುತ್ತಾರೆ. ಹಾಗೆ ಹಂಚಿದಾಗ ಗಾಂಧಾರ, ತಂಬೂರಿಯಲ್ಲಿ ತಾನಾಗಿ ಕೇಳುವ ಗಾಂಧಾರಕ್ಕಿಂತ ಒಂದೆಳೆ ಏರಿ ಕೂರುತ್ತದೆ.

ಆ ಒಂದೆಳೆಗಾಗಿ ಮನೆಯಲ್ಲಿ ದಿನಾ ಜಗಳ. ಹಾರ್ಮೋನಿಯಂ ನುಡಿದ ದಿನ ಅತ್ತೆ ಸಾರಿಗೆ ಉಪ್ಪು ಹಾಕುತ್ತಿರಲಿಲ್ಲ. ಕೊನೆಗೆ ಅಪ್ಪ ಸೋತು, ಪೆಟ್ಟಿಗೆ ಬಿಚ್ಚಿ, ಗಡ್ಡದ ಬ್ಲೇಡಿನಿಂದ ಸ್ವರ ಹೊರಡಿಸುವ ಹಿತ್ತಾಳೆಯ ನಾಲಿಗೆಗಳನ್ನು ಕೆರೆಯತೊಡಗಿದ. ಅತ್ತೆ ಪಕ್ಕದಲ್ಲಿ ತಂಬೂರಿ ಹಿಡಿದು, "ಇನ್ನೂ ಚೂರು" ಎನ್ನುತ್ತಾ ಕೂತಳು. ಎಲ್ಲ ಸ್ವರಗಳೂ ಅವಳ ಶ್ರುತಿಗೆ ಹೊಂದಿದ ಮೇಲೆ ಪೆಟ್ಟಿಗೆ ನಿಜಕ್ಕೂ ಇಂಪಾಗಿ ನುಡಿಯಿತು.

ಅಷ್ಟರಲ್ಲಿ ತೀರ್ಥಹಳ್ಳಿಯಿಂದ ನನ್ನನ್ನು ನೋಡಲು ಗಂಡಿನವರು ಬಂದರು. ನಾನು ಅತ್ತೆಯ ಶ್ರುತಿಯಲ್ಲೇ ಹಾಡಿದೆ. ಎಲ್ಲರೂ ತಲೆದೂಗಿದರು. ಆಗ ಅತ್ತೆ ಹುಡುಗನತ್ತ ತಿರುಗಿ, "ಮಾಣಿನೂ ಒಂದು ಹಾಡ್ಲಿ" ಎಂದಳು.

ಹುಡುಗನದು ದಪ್ಪ ಧ್ವನಿ. ಅಪ್ಪ ಕೆಳಗಿನ ಬೇರೊಂದು ಮನೆಯಲ್ಲಿ ಷಡ್ಜ ಹಿಡಿದ. ಪೆಟ್ಟಿಗೆ ತೋಳದಂತೆ ಊಳಿಟ್ಟಿತು. ಒಂದು ಶ್ರುತಿಗೆಂದು ಕೆರೆದ ಸ್ವರಗಳು ಇನ್ನೊಂದಕ್ಕೆ ಒಗ್ಗಲಿಲ್ಲ. ತಪ್ಪು ತನ್ನದೇ ಎಂದುಕೊಂಡ ಹುಡುಗ ತನ್ನ ದನಿಯನ್ನು ಪೆಟ್ಟಿಗೆಯ ಸ್ವರದ ಹಿಂದೆ ಓಡಿಸಿದ. ಅಪ್ಪ ಇನ್ನೂ ಜೋರಾಗಿ ತಿದಿ ಒತ್ತಿದ.

"ಎಂತ ಆತಾ, ಶೀತನಾ?" ಹುಡುಗನ ತಂದೆ ಮಗನನ್ನು ಕೇಳಿದರು.

"ಅಲ್ಲ, ನಮ್ಮ ಪೆಟ್ಟಿಗೆ ಅಕ್ಕನ ಶ್ರುತಿಗೆ ಮಾತ್ರ" ಎಂದ ಅಪ್ಪ, ತಲೆ ತಗ್ಗಿಸಿ.

"ಹಾಂಗಾರೆ ನಾನೂ ಅದ್ರಲ್ಲೇ ಹಾಡ್ತಿ" ಎಂದ ಹುಡುಗ.

ಹಾಡಿಯೇಬಿಟ್ಟ. ತಾರಸ್ಥಾಯಿಗೆ ಹೋದಾಗ ಬಾಲ ತುಳಿಸಿಕೊಂಡ ಬೆಕ್ಕಿನ ಸ್ವರ. ಅವನ ತಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡರು. ನಾನು ನಗು ತಡೆಯಲಾರದೆ ಕಾಫಿ ಲೋಟ ಬೀಳಿಸಿದೆ. ಅತ್ತೆ ಮಾತ್ರ ಕಣ್ಣು ಮುಚ್ಚಿ ತಾಳ ಹಾಕುತ್ತಾ, "ಗಾಂಧಾರ ಸರಿ ಬಂತು" ಎಂದಳು.

ಅವನು ನಡುವೆ ನಿಲ್ಲಿಸಲಿಲ್ಲ. ನಾನು ಮೆಚ್ಚಿದ್ದು ಅದನ್ನೇ. ಹಾಡು ಮುಗಿಯುವಷ್ಟರಲ್ಲಿ ಗಂಟಲು ಪೂರ್ತಿ ಕಟ್ಟಿಹೋಗಿ, ಪಾಪ, ಹುಡುಗಿ ಒಪ್ಪಿಗೆ ಎಂಬುದನ್ನು ಕೈಸನ್ನೆಯಲ್ಲೇ ಹೇಳಿ ಬಸ್ಸು ಹತ್ತಿದ.