ಹಾಜರಿ ಹೇಳದ ಕ್ಲಾರಿನೆಟ್

ಮೊನ್ನೆ ಸೊಸೆ ಹಿತ್ತಲಲ್ಲಿ ಹಿತ್ತಾಳೆ ದೀಪಗಳಿಗೆ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳು. ಆ ಹುಳಿವಾಸನೆ ಮೂಗಿಗೆ ಬಡಿದದ್ದೇ ತಡ, ನಲವತ್ತರ ದಶಕದ ನಮ್ಮ ಪಕ್ಕದ ಮನೆಯ ಜಗಲಿ ಕಣ್ಣಮುಂದೆ ಬಂತು... ಬ್ಯಾಂಡ್ ಮೇಷ್ಟ್ರು ಅಲ್ಲಿ ಕೂತು ತಮ್ಮ ಹಿತ್ತಾಳೆ ತುತ್ತೂರಿ ಕಾರ್ನೆಟ್ಟನ್ನು ಹೀಗೇ ಉಜ್ಜುತ್ತಿದ್ದರು. ಅವರ ಬೆನ್ನಿಗೇ ನಮ್ಮೂರ ಪಟೇಲರ ಮುಖವೂ ನೆನಪಾಗಿ, ಈ ವಯಸ್ಸಿನಲ್ಲೂ ನನಗೆ ಮೈಯೆಲ್ಲ ಉರಿಯಿತು.

ನಮ್ಮೂರು ದೊಡ್ಡಬಳ್ಳಾಪುರಕ್ಕೆ ಎರಡು ಮೈಲಿ. ಮೇಷ್ಟ್ರು ಹಿಂದೆ ಪಲ್ಟನ್ನಿನ ಬ್ಯಾಂಡಿನಲ್ಲಿ ಊದಿ, ಕಾಲು ಊನವಾಗಿ ಊರಿಗೆ ಬಂದವರು. ಪೇಟೆಯ ನೇಕಾರರನ್ನು ಸೇರಿಸಿಕೊಂಡು ಮದುವೆ ಬ್ಯಾಂಡು ಕಟ್ಟಿದ್ದರು. ಅವರ ತಮ್ಮ ಅದರಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ. ತಾಳಕ್ಕಿಂತ ಮುಂದೆ ಓಡುವ ಚಟ ಅವನದು, ದಿನಾ ಅಣ್ಣನಿಂದ ಬೈಸಿಕೊಳ್ಳುತ್ತಿದ್ದ. ಯುದ್ಧಕ್ಕೆ ಜನ ಸೇರಿಸಿ ಮೇಲಿನವರ ಹತ್ತಿರ ಭೇಷ್ ಅನ್ನಿಸಿಕೊಳ್ಳಲು ಹೊರಟಿದ್ದ ಪಟೇಲರು, "ನಿಮ್ಮಣ್ಣನ ಹಂಗೆ ಬ್ಯಾಂಡಿಗೇ ಹಾಕಿಸ್ತೀನಿ ಕಣ್ಲಾ" ಎಂದು ಪುಸಲಾಯಿಸಿ ಅವನನ್ನು ಕಳಿಸಿದರು. ಬರ್ಮಾದ ಕಾಡಿನಲ್ಲಿ ಅವನ ಕೈಗೆ ಸಿಕ್ಕಿದ್ದು ಹೇಸರಗತ್ತೆಯ ಹಗ್ಗ.

ವರ್ಷದ ಮೇಲೆ ಅವನ ಜೊತೆಗಾರ ಸಿಪಾಯಿಯೊಬ್ಬ ರಜದ ಮೇಲೆ ಮೇಷ್ಟ್ರ ಮನೆ ಹುಡುಕಿಕೊಂಡು ಬಂದ. ಅವರ ತಾಯಿ ಸಡಗರದಿಂದ ಹುರಿಹಿಟ್ಟು ಗಂಟು ಕಟ್ಟಿ, "ನನ್ ಮಗಂಗೆ ಕೊಟ್ಬಿಡಪ್ಪಾ" ಅಂದರು. ಅವನು ಗಂಟನ್ನು ಜಗಲಿಯ ಮೇಲಿಟ್ಟು, ಮೇಷ್ಟ್ರನ್ನು ಹಿತ್ತಲಿಗೆ ಕರೆದು ವಿಷಯ ಹೇಳಿದ.

ತಮ್ಮ ಸತ್ತು ಆಗಲೇ ಐದು ತಿಂಗಳಾಗಿತ್ತು. ಊರಿನ ಕಾಗದಗಳೆಲ್ಲ ಮೊದಲು ಪಟೇಲರ ಮನೆಗೆ ಹೋಗುತ್ತಿದ್ದವು; ಸತ್ತ ಸುದ್ದಿಯ ಕಾಗದವನ್ನು ಅವರು ಒಳಗಿಟ್ಟುಕೊಂಡಿದ್ದರು. ಮೇಷ್ಟ್ರು ಹೋಗಿ ಕೇಳಿದರೆ, "ಆಗ್ಲೇ ಹೇಳಿದ್ರೆ ಮಿಕ್ಕ ಹುಡುಗ್ರು ಸೇರ್ತಿದ್ರೇನಯ್ಯಾ?" ಎಂದು ಎಲೆಗೆ ಸುಣ್ಣ ಹಚ್ಚಿಕೊಂಡರಂತೆ. ಹೆತ್ತ ತಾಯಿ ಐದು ತಿಂಗಳು ಸತ್ತ ಮಗನ ದಾರಿ ಕಾದರು. ಕಾಲಕ್ಕೆ ಹಾಲುತುಪ್ಪವಿಲ್ಲ, ತಿಥಿಯಿಲ್ಲ, ಅವನ ಹೆಸರಲ್ಲಿ ಒಂದು ತಮಟೆ ಏಟೂ ಬೀಳಲಿಲ್ಲ.

ಯುದ್ಧ ಮುಗಿದ ಮೇಲೆ, ಜನ ಸೇರಿಸಿದ್ದಕ್ಕೆಂದು, ಆ ಮನುಷ್ಯನಿಗೇ ತಾಲ್ಲೂಕಿನ ಅಮಲ್ದಾರರ ಕೈಯಿಂದ ಪದಕ ಕೊಡಿಸುವುದೆಂದಾಯಿತು. ನುಡಿಸಲು ಹೇಳಿಕೆ ಬಂದದ್ದು ಮೇಷ್ಟ್ರ ಬ್ಯಾಂಡಿಗೇ! ಹೇಳಿಕೆ ತಂದವನನ್ನು ಒದ್ದು ಓಡಿಸುತ್ತಾರೆ ಅಂದುಕೊಂಡೆ. ಮೇಷ್ಟ್ರು ನನಗೆ, "ನುಡಿಸ್ತೀನಿ ಕಣಮ್ಮಾ" ಅಂದರು. "'ಸಿಪಾಯಿಯ ಒಂದು ದಿನ' ಅಂತ ಹೊಸ ಮಟ್ಟು ಕಟ್ತೀನಿ. ನೀನು ಬರ್ಕೊಡು."

ಹರಿಕಥೆ ದಾಸರ ಮಗಳು ನಾನು, ಸ್ವರ ಹಾಕಿ ಬರೆಯಬಲ್ಲೆ. ನಮ್ಮ ಯಜಮಾನರು ಶಾಲೆಗೆ ಪಾಠ ಹೇಳಲು ಹೋದ ಮೇಲೆ ಮೇಷ್ಟ್ರು ಅವರ ಜಗಲಿಯಿಂದ ಬಾಯಲ್ಲಿ ಹೇಳುವುದು, ನಾನು ನಮ್ಮ ಜಗಲಿಯಲ್ಲಿ ಕೂತು ಬರೆಯುವುದು. ಬೆಳಗಿನ ಭಾಗಕ್ಕೆ ನಾನು ಲವಲವಿಕೆಯ ಬಿಲಹರಿ ರಾಗ ಹಾಕಿದರೆ ಗದರಿದರು. "ಸಿಪಾಯಿಗೆ ಬೆಳಗ್ಗೆ ಸಂತೋಷ ಎಲ್ಲಿರ್ತದಮ್ಮಾ? ನಿದ್ದೆ ಇರ್ತದೆ." ಆಮೇಲೆ ಹೇಸರಗತ್ತೆಗಳ ನಡಿಗೆಗೆ ಡೋಲು, ಊಟದ ಸಾಲಿಗೆ ತಟ್ಟೆ ಚಮಚ, ಮನೆಯ ಕಾಗದ ಓದಲು ದಪ್ಪ ದನಿಯ ತುತ್ತೂರಿ ಯೂಫೋನಿಯಂ. ಕೊನೆಗೆ ಸಂಜೆಯ ಹಾಜರಿ: ಕಾರ್ನೆಟ್ ಒಬ್ಬೊಬ್ಬರನ್ನೇ ಕೂಗುತ್ತದೆ, ಒಂದೊಂದು ವಾದ್ಯವೂ ಎರಡು ಸ್ವರದಲ್ಲಿ ಓಗೊಡುತ್ತದೆ.

"ತಮ್ಮನ ಕ್ಲಾರಿನೆಟ್ಟಿಗೆ ಏನ್ ಬರೀಲಿ ಅಣ್ಣಾ?" ಎಂದು ಕೇಳಿದೆ.

"ಏನೂ ಬ್ಯಾಡ. ಎರಡು ಆವರ್ತ ಖಾಲಿ ಬಿಡು. ಆಮೇಲೆ ತಮಟೆ."

ಊರಲ್ಲಿ ತಮಟೆ ಬಡಿಯುವ ಹಿರಿಯನನ್ನು ಆಗಲೇ ಒಪ್ಪಿಸಿದ್ದರು. ಅವನ ಮೊಮ್ಮಗನ ಹೆಸರನ್ನೂ ಪಟೇಲರು ಪಲ್ಟನ್ನಿಗೆ ಬರೆಸಿಕೊಂಡಿದ್ದರಂತೆ. "ಬಡೀತೀನಿ ಬುಡಿ" ಅಂದನಂತೆ.

ನಮ್ಮ ಕಡೆ ಸಾವಿನ ಬಡಿತ ಕಿವಿಗೆ ಬಿದ್ದರೆ, ಬಾಯಲ್ಲಿ ತುತ್ತಿದ್ದವನೂ "ಯಾರು ಹೋದ್ರು?" ಎಂದು ಕೇಳುತ್ತಾನೆ. ಊರ ಪಟೇಲನಂತೂ ಕೇಳಲೇಬೇಕು. ಮೇಷ್ಟ್ರು ನಂಬಿದ್ದು ಅದನ್ನೇ. ಕೇಳದಿದ್ದರೆ ಏನು ಗತಿ ಎಂದರೆ, "ಹುಟ್ಟಿದಾಗಿಂದ ಬಂದ ಬಾಯಿ ಕಣಮ್ಮಾ, ತಡೆಯಕ್ಕಾಗಲ್ಲ" ಅಂದರು.

ಆವತ್ತು ಚಾವಡಿ ಮುಂದೆ ಚಪ್ಪರ. ಪಟೇಲರಿಗೆ ಜರಿಪೇಟ, ಹಾರ, ಎದೆಯ ಮೇಲೆ ಪದಕ. ಎಲ್ಲ ತಮ್ಮ ಹೊಗಳಿಕೆಯೇ ಅಂದುಕೊಂಡು ತಲೆದೂಗುತ್ತಿದ್ದರು. ಹೆಂಗಸರ ಸಾಲಿನಲ್ಲಿ ನಾನು ಮೇಷ್ಟ್ರ ತಾಯಿಯ ಪಕ್ಕ ಕೂತಿದ್ದೆ. ಹಾಜರಿ ಶುರುವಾಯಿತು. ಕಾರ್ನೆಟ್ ಕೂಗಿತು, ಯೂಫೋನಿಯಂ ಓಗೊಟ್ಟಿತು. ಕೂಗಿತು, ಡೋಲು ಓಗೊಟ್ಟಿತು. ಕೊನೆಯ ಕೂಗು ಖಾಲಿ ಕುರ್ಚಿಯ ಮೇಲೆ ಮಲಗಿಸಿದ್ದ ಕ್ಲಾರಿನೆಟ್ಟಿಗೆ... ಎರಡು ಆವರ್ತ ಖಾಲಿ ಹೋದವು. ಚಪ್ಪರದ ಹಿಂದಿನಿಂದ ತಮಟೆ ಶುರುವಾಯಿತು, ಹೆಣ ಎತ್ತುವಾಗ ಬಡಿಯುವ ಬಡಿತ.

ಪಟೇಲರು ಬೆಚ್ಚಿ ಕತ್ತೆತ್ತಿ ಕೇಳಿಯೇಬಿಟ್ಟರು. "ಯಾರ್ಲಾ ಹೋದೋರು?"

ಮೇಷ್ಟ್ರು ಕಾರ್ನೆಟ್ ಇಳಿಸಿದರು. "ನನ್ ತಮ್ಮ, ಗೌಡ್ರೇ. ನಿಮ್ಗೆ ಮೊದ್ಲೇ ಗೊತ್ತಿತ್ತಲ್ಲ."

ಮುದುಕಿ ಎದೆ ಬಡಿದುಕೊಂಡು ಅತ್ತರು. ಅವರ ಜೊತೆ ಸಾಲಿಗೆ ಸಾಲೇ ಅತ್ತಿತು. ಅಮಲ್ದಾರರು ಊಟ ಮಾಡದೆ ಎದ್ದು ಹೋದರು. ನನಗೆ ಅಳು ಬರಲಿಲ್ಲ, ಸಂತೋಷವಾಯಿತು. ಪಾಪ ಅಂದರೆ ಅನ್ನಿ.

ಶುಭದ ಚಪ್ಪರದಲ್ಲಿ ಸಾವಿನ ತಮಟೆ ಬಡಿಸಿದ ಬ್ಯಾಂಡನ್ನು ಆಮೇಲೆ ಯಾರು ಮದುವೆಗೆ ಕರೆದಾರು? ಮೇಷ್ಟ್ರಿಗೆ ಅದು ಮೊದಲೇ ಗೊತ್ತಿತ್ತು. ತಾಯಿಯನ್ನು ಕರೆದುಕೊಂಡು ಕೋಲಾರದ ಕಡೆ ಹೊರಟುಹೋದರು. ಪಟೇಲರು ಹಾಲು ತುಪ್ಪ ಉಂಡುಕೊಂಡು ಇನ್ನೂ ಹದಿನೆಂಟು ವರ್ಷ ಬದುಕಿದರು. ಆದರೆ ಊರಲ್ಲಿ ತಮಟೆ ಕೇಳಿದಾಗೆಲ್ಲ ಬಾಯಿ ಬಿಗಿದುಕೊಂಡು ಒಳಗೆ ಹೋಗುತ್ತಿದ್ದರು, ಯಾರು ಹೋದರೆಂದು ಮತ್ತೆ ಕೇಳಲಿಲ್ಲ. ಅವರೇ ಹೋದ ದಿನ ನಾನು ಬೇಕೆಂದೇ ಬೀದಿಗೆ ಬಂದು, ಗೊತ್ತಿದ್ದೂ ಗೊತ್ತಿದ್ದೂ, ಹತ್ತು ಜನಕ್ಕೆ ಕೇಳುವಂತೆ "ಯಾರು ಹೋದ್ರು?" ಎಂದು ಕೂಗಿದೆ.

ಆ ಸುದ್ದಿಯನ್ನು ಮೇಷ್ಟ್ರಿಗೆ ತಿಳಿಸಬೇಕೆಂದು ಅವತ್ತೇ ನನಗೆ ಗೊತ್ತಿದ್ದ ಕೋಲಾರದ ವಿಳಾಸಕ್ಕೆ ಕಾರ್ಡು ಬರೆದೆ. ತಿಂಗಳ ಮೇಲೆ ವಾಪಸ್ಸು ಬಂತು, ವಿಳಾಸದಾರರು ಇಲ್ಲ ಎಂದು. ಊರು ಬಿಟ್ಟರೋ, ತೀರಿಹೋದರೋ, ಕಾರ್ಡಿನಲ್ಲಿ ಬರೆದಿರಲಿಲ್ಲ. ಕೇಳೋಣವೆಂದರೆ ಆ ಬ್ಯಾಂಡಿನವರು ಯಾರೂ ಈಗ ಉಳಿದಿಲ್ಲ... ಮೇಷ್ಟ್ರು ಯಾವತ್ತು ಹೋದರೋ, ಅವರಿಗೆ ಯಾರಾದರೂ ತಮಟೆ ಬಡಿಸಿದರೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.