ಫ್ಲೆಕ್ಸಿನೊಳಗಿನ ಕೈ

ಅವತ್ತು ಗುರುವಾರ. ಪೂಜೆ ಮುಗಿದು ಹಣೆಯ ವಿಭೂತಿ ಇನ್ನೂ ಹಸಿಯಾಗಿಯೇ ಇತ್ತು. ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದೆ. ಆ ಸಲದ ಜೋಳದಲ್ಲಿ ಕಲ್ಲು ಕಡಿಮೆ. ಅಷ್ಟಕ್ಕೂ ಶಿವನಿಗೊಂದು ಶರಣು ಹೇಳಿಕೊಂಡಿದ್ದೆ. ಆಗ ಹಿತ್ತಲ ಬಾಗಿಲಿನಿಂದ ನೆಗೆಣ್ಣಿ ಬಂದಳು. ನನ್ನ ಮೈದುನನ ಹೆಂಡತಿ. ಎರಡೂ ಮನೆಗಳ ನಡುವೆ ಗೋಡೆ ಎದ್ದಿದ್ದರೂ ಹಿತ್ತಲು ಒಂದೇ.

"ಅಕ್ಕಾ, ಫ್ಲೆಕ್ಸ್ ಬಂತು," ಎಂದಳು.

"ಬಂದ್ರ ಛಲೋ ಆತಲ್ಲ. ಅಳಾಕತ್ತೀ ಯಾಕ?"

"ಅದರಾಗ ನಾ ಎಡಗೈಲೆ ನೀಡಾಕತ್ತೇನಿ ಅಕ್ಕಾ."

ಮೊರ ಕೆಳಗಿಟ್ಟೆ.

ನೆಗೆಣ್ಣಿ ಹಿರೇಕೆರೂರು ಕಡೆಯವಳು. ಹುಟ್ಟಿನಿಂದ ಎಡಗೈಯವಳು. ಎಡಗೈಯಿಂದ ಅವಳು ರೊಟ್ಟಿ ಬಡಿಯುವುದನ್ನು ನೋಡಬೇಕು, ಹಂಚಿನ ತುಂಬ ಹುಣ್ಣಿಮೆ ಚಂದ್ರನ ಹಾಗೆ ಏಳುತ್ತದೆ. ಆದರೆ ಮದುವೆಯಾಗಿ ಬಂದ ಹೊಸದರಲ್ಲಿ, ಮನೆತುಂಬ ಬೀಗರು ಕುಳಿತಿದ್ದಾಗ, ಅವಳು ಎಡಗೈಯಿಂದ ಪಲ್ಯ ಬಡಿಸಲು ಹೋದಳು. ಅತ್ತೆ ಅವಳ ಕೈಯಿಂದ ಸೌಟು ಇಸಿದುಕೊಂಡರು. "ನೀ ಒಳಗ ರೊಟ್ಟಿ ಬಡಿಯವಾ. ನೀಡೂದು ದೊಡ್ಡಾಕಿ ನೋಡ್ಕೋತಾಳ."

ಆ ದೊಡ್ಡಾಕಿ ನಾನೇ. ಅವತ್ತಿನಿಂದ ಇಪ್ಪತ್ತು ವರ್ಷ ಅವಳು ಬಡಿದ ರೊಟ್ಟಿಯನ್ನು ನಾನು ಬಡಿಸಿದೆ. ಉಂಡವರು ನನ್ನ ಮುಖ ನೋಡಿ "ಭಾಳ ಛಲೋ ಆಗ್ಯಾವ್ರಿ" ಅಂದರು. ನಾನೂ ನಕ್ಕು ಆ ಮಾತು ಇಟ್ಟುಕೊಂಡೆ. ಒಂದು ಸಲವೂ ಒಳಗಿದ್ದ ಅವಳ ಕಡೆ ಕೈ ತೋರಿಸಲಿಲ್ಲ. ಈಗ ಬರೆಯುವಾಗ ಕೈ ತಡೆಯುತ್ತದೆ.

ಆ ಹೊತ್ತಿಗೆ ಅಕ್ಕಿಆಲೂರಿನ ಸಂತೆ ದಾರಿಯಲ್ಲಿ ಒಂದು ಕೋಣೆ ಹಿಡಿದು ಅವಳು ಖಾನಾವಳಿ ಶುರು ಮಾಡುವವಳಿದ್ದಳು. ಸೋಮವಾರ ಅತ್ತೆ ಬಂದು ದೀಪ ಹಚ್ಚುವುದು ಎಂದು ಮಾತಾಗಿತ್ತು. ಅತ್ತೆ ಒಪ್ಪಿದ್ದೇ ಅವಳಿಗೆ ದೊಡ್ಡದು. ತನ್ನ ಅಂಗಡಿಯಲ್ಲಿ ತಾನೇ ನಿಂತು ಬಡಿಸುವುದನ್ನು ಅತ್ತೆ ಕಣ್ಣಾರೆ ನೋಡಬೇಕು, ನೋಡಿ ಸುಮ್ಮನಿರಬೇಕು, ಅವಳ ಆಸೆ ಇಷ್ಟೇ.

ಹೋಗಿ ನೋಡಿದೆ. ಮೈದುನ ಹಾನಗಲ್ಲಿನಿಂದ ತಂದ ಫ್ಲೆಕ್ಸನ್ನು ನೆಲಕ್ಕೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟಿದ್ದ. ನಾನು ಹೆಚ್ಚು ಓದಿದವಳಲ್ಲ, ಆದರೆ ಪ್ರತಿ ಸೋಮವಾರ ದೇವರಿಗೆ ಎಡೆ ಹಿಡಿಯುವವಳು. ತಾಟಿನಲ್ಲಿ ಯಾವುದು ಎಲ್ಲಿರಬೇಕು, ಕಣ್ಣು ಮೊದಲು ಎಲ್ಲಿ ಹೋಗುತ್ತದೆ ಎಂಬುದು ನನಗೆ ತಿಳಿಯುತ್ತದೆ. ಇಲ್ಲಿ ಕಣ್ಣು ಮೊದಲು ಹೋಗುತ್ತಿದ್ದದ್ದು ಕೈಗೆ. ಫ್ಲೆಕ್ಸಿನವನು ಸೌಟು ಹಿಡಿದ ಕೈಯ ಸುತ್ತ ಹಳದಿ ಕಿರಣ ಹಚ್ಚಿದ್ದ, ಕ್ಯಾಲೆಂಡರಿನ ದೇವರ ಕೈಗೆ ಇರುತ್ತದಲ್ಲ, ಹಾಗೆ. ಅವಳ ಮುಖ ಮಾತ್ರ ನಿಂಬೆಹಣ್ಣಿನಷ್ಟು. ಅಕ್ಷರಗಳು ಕೆಂಪು, ಕುಂಬಳಕಾಯಿಯಷ್ಟು ದಪ್ಪ. ಎಣ್ಣೆಗಾಯಿಯ ಪಕ್ಕ ಹೂವಿನ ಹಾಗೆ ಕೊಯ್ದ ಟೊಮೆಟೊ, ನಮ್ಮ ಮನೆಯದಲ್ಲ, ಅವನೇ ಎಲ್ಲಿಂದಲೋ ತಂದು ಅಂಟಿಸಿದ್ದು. ಹಿಂದೆ ಹಿಮದ ಗುಡ್ಡ. ಎಲ್ಲಕ್ಕಿಂತ ಮೇಲಾಗಿ ಒಣಗಿಸಿಟ್ಟ ಖಡಕ್ ರೊಟ್ಟಿಯ ಮೇಲೆ ಬಿಳಿ ಹೊಗೆ!

"ಈ ಗುಡ್ಡ ಯಾವ ಊರಿಂದಪ್ಪಾ?" ಎಂದೆ.

"ಪುಗಸಟ್ಟೆ ಹಾಕಿ ಕೊಟ್ಟಾನ್ರಿ ವೈನಿ," ಎಂದ ಮೈದುನ.

ನೆಗೆಣ್ಣಿ ನಗಲಿಲ್ಲ. "ಫೋಟೊ ತಗಿಯೂ ಮುಂದ ನಾ ಬಲಗೈಲೆನ ಸೌಟು ಹಿಡದಿದ್ದೆ ಅಕ್ಕಾ. ಶಿವನಾಣಿ. ಮೂರು ದಿನ ಬಲಗೈಲೆ ರೂಢಿ ಮಾಡಿದ್ದೆ."

ಅಷ್ಟರಲ್ಲಿ ನಮ್ಮ ಮನೆಯಲ್ಲೇ ಇರುವ ಅತ್ತೆ ಕೋಲೂರಿಕೊಂಡು ಬಂದರು. ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. "ಸುತ್ತಿ ಇಡ್ರಿ ಅದನ್ನ," ಎಂದಷ್ಟೇ ಹೇಳಿ ತಿರುಗಿ ಹೋದರು.

"ಆತು. ಸೋಮವಾರ ಅತ್ಯಾರು ಬರೂದಿಲ್ಲ," ಎಂದಳು ಇವಳು, ಗೋಡೆಗೆ ಒರಗಿ.

ನಾನು ಸುತ್ತಲು ಬಗ್ಗಿದೆ. ಆಗ ಕಂಡಿತು. ಚಿತ್ರದಲ್ಲಿ ಅವಳ ಮೂಗುಬೊಟ್ಟು ಬಲಗಡೆ ಇತ್ತು. ತಲೆ ಎತ್ತಿ ನೋಡಿದೆ. ಎದುರು ನಿಂತ ನೆಗೆಣ್ಣಿಯ ಮೂಗುಬೊಟ್ಟು ಎಡಕ್ಕೆ.

"ಫೋಟೊ ಯಾರು ತಗದ್ರು?"

"ನಾನ. ನೀವೆಲ್ಲಾ ಗುಡಿಗೆ ಹೋಗಿದ್ರಿ. ಮತ್ತೊಬ್ಬರ ಮುಂದ ನಿಲ್ಲಾಕ ನಾಚಿಕಿ ಬಂತು. ಸಕ್ಕರಿ ಡಬ್ಬಿಗೆ ಫೋನ್ ಆನಿಸಿ, ನನ್ನ ಮಾರಿ ನನಗ ಕಾಣೂಹಂಗ ಸೆಲ್ಫಿ ಇಟ್ಟಿದ್ದೆ. ಕೈ ಬರೋಬ್ಬರಿ ಐತೋ ಇಲ್ಲೋ ನೋಡ್ಕೋತನ ನಿಂತಿದ್ದೆ."

ಕನ್ನಡಿ ನೋಡಿಕೊಂಡ ಹಾಗೆ ನೋಡಿಕೊಂಡಿದ್ದಾಳೆ, ಫೋನೂ ಕನ್ನಡಿಯ ಹಾಗೆಯೇ ತಿರುವಿ ಇಟ್ಟುಕೊಂಡಿದೆ. ಜನ್ಮದಲ್ಲಿ ಒಮ್ಮೆ ಬಲಗೈಯಿಂದ ಬಡಿಸಿದಳು, ಅದನ್ನೂ ಚಿತ್ರ ಎಡಗೈ ಎಂದು ಊರಿಗೆ ಸಾರಲು ಹೊರಟಿತ್ತು. ಆದರೂ ಸೋಮವಾರದ ಮೊದಲೇ ತಿಳಿಯಿತಲ್ಲ ಎಂದುಕೊಂಡೆ.

ಮರುದಿನ ಫ್ಲೆಕ್ಸ್ ಸುತ್ತಿಕೊಂಡು ಇಬ್ಬರೂ ಹಾನಗಲ್ಲಿನ ಬಸ್ ಹತ್ತಿದೆವು. ಕೂಡಲು ಸೀಟು ಸಿಕ್ಕಿತು. ಅದೂ ಶಿವನ ದಯೆಯೇ.

ಫ್ಲೆಕ್ಸಿನವನು ನಕ್ಕ. "ಇಷ್ಟ ಏನ್ರಿ ಅಕ್ಕಾರ! ಒಂದು ಗುಂಡಿ ಒತ್ತಿದ್ರ ತಿರಗತೈತಿ." ಒತ್ತಿದ. ತಿರುಗಿತು. ಅವಳ ಮೂಗುಬೊಟ್ಟು ಎಡಕ್ಕೆ ಬಂತು, ಸೌಟು ಬಲಗೈಗೆ ಬಂತು. ನೆಗೆಣ್ಣಿ ಉಸಿರು ಬಿಟ್ಟಳು.

"ಆ ಹೊಗಿನೂ ತಗಿಯಪ್ಪಾ," ಎಂದೆ.

"ಹೊಗಿ ಇದ್ರನ ಜನರ ಬಾಯಾಗ ನೀರು ಬರೂದ್ರಿ."

"ಖಡಕ್ ರೊಟ್ಟಿ ಮುರದ್ರ ಸಪ್ಪಳ ಬರ್ತೈತಿ, ಹೊಗಿ ಬರೂದಿಲ್ಲ. ಅರ್ಧ ಮುರದ ರೊಟ್ಟಿ ತೋರ್ಸು. ನೋಡಿದವರಿಗೆ ಸಪ್ಪಳ ತಾನ ಕೇಳಸ್ತೈತಿ."

ಅವನು ರೊಟ್ಟಿಯನ್ನು ಚಿತ್ರದಲ್ಲೇ ಅರ್ಧ ಮುರಿದ. ಆಮೇಲೆ ಹೊಗೆ ಅಳಿಸಿದ, ಟೊಮೆಟೊ ಅಳಿಸಿದ, ಗುಡ್ಡ ಹೋಯಿತು. ಕೈಯ ಸುತ್ತಲಿನ ಕಿರಣ ತೆಗೆಯಲು ಹೇಳಿದಾಗ ಮಾತ್ರ ಮುಖ ಸಣ್ಣದು ಮಾಡಿದ. "ಖರ್ಚಿಲ್ಲದ ಹಚ್ಚಿದ್ನಲ್ರಿ." ತಾಟು ದೊಡ್ಡದಾಯಿತು, ಮುಖವೂ ದೊಡ್ಡದಾಯಿತು. ಹಿಂದೆ ಬರೀ ಅವಳ ಅಡಿಗೆಮನೆಯ ಗೋಡೆ. ಈಗ ಉಣ್ಣುವವರು ಕೂಡುವ ಜಾಗದ ಹಾಗೆ ಕಂಡಿತು.

ಸಂಜೆ ಹೊಸ ಫ್ಲೆಕ್ಸನ್ನು ಅತ್ತೆಯ ಮುಂದೆ ಹಾಸಿದೆವು. ನಾನು ಕನ್ನಡಿಯ ಕಥೆಯನ್ನೆಲ್ಲ ಹೇಳಿ, "ನೋಡ್ರಿ, ಬಲಗೈಲೆನ ನೀಡ್ಯಾಳ," ಎಂದೆ. ನೆಗೆಣ್ಣಿ ಬಾಗಿಲ ಸಂದಿಯಲ್ಲಿ ನಿಂತಿದ್ದಳು.

ಅತ್ತೆ ಮತ್ತೆ ಬಹಳ ಹೊತ್ತು ನೋಡಿದರು.

"ನೀವೆಲ್ಲಾ ಕೈ ನೋಡಾಕತ್ತೀರಿ," ಎಂದರು. "ಮಾರಿ ನೋಡೀರೇನು? ನಿನ್ನೇನೂ ಹಂಗ ಇತ್ತು, ಇವತ್ತೂ ಹಂಗ ಐತಿ. ಪರೀಕ್ಷಾಕ್ಕ ಕುಂತವರಂಗ. ಹಿಂತಾ ಮಾರಿ ನೋಡಿ ಉಣ್ಣಾಕ ಯಾರು ಬರ್ತಾರ?"

ನಾವು ಬಗ್ಗಿ ನೋಡಿದೆವು. ಹೌದು. ಹುಬ್ಬು ಗಂಟಿಕ್ಕಿ, ತುಟಿ ಕಚ್ಚಿ, ಸೌಟನ್ನು ಹಾವು ಹಿಡಿದ ಹಾಗೆ ಹಿಡಿದಿದ್ದಳು. ಅಷ್ಟೆಲ್ಲ ನೋಡಿ ಅಳೆದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ನನಗೂ ಕೈಯದೇ ಚಿಂತೆ.

ಅತ್ತೆ ಕೋಲೂರಿಕೊಂಡು ಎದ್ದು ಹೋದರು. ಸೋಮವಾರ ಬರುತ್ತಾರೋ ಇಲ್ಲವೋ ಕೇಳಲು ನಮಗಿಬ್ಬರಿಗೂ ಧೈರ್ಯ ಸಾಲಲಿಲ್ಲ. ಭಾನುವಾರವೆಲ್ಲ ನೆಗೆಣ್ಣಿ ಹಿತ್ತಲಲ್ಲಿ ಓಡಾಡುತ್ತ ನಮ್ಮ ಬಾಗಿಲು ನೋಡುತ್ತಿದ್ದಳು.

ಸೋಮವಾರ ಬೆಳಗಾದಾಗ ಅತ್ತೆ ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕುಳಿತಿದ್ದರು. "ಹೊತ್ತಾತು, ನಡೀರಿ," ಎಂದರು, ತಡ ನಮ್ಮದೇ ಎನ್ನುವ ಹಾಗೆ.

ಅಂಗಡಿಯಲ್ಲಿ ದೀಪ ಹಚ್ಚಿದರು. ಹಚ್ಚಿ, ಬಂದವರು ಕೂಡುವ ಮೊದಲು ತಾವೇ ತಾಟಿನ ಮುಂದೆ ಕುಳಿತರು. ನಾನು ರೂಢಿಯಂತೆ ಸೌಟಿಗೆ ಕೈ ಹಾಕಿದೆ.

"ನೀ ಬ್ಯಾಡ. ಅಂಗಡಿ ಅಕೀದು. ಅಕೀನ ನೀಡ್ಲಿ."

ನೆಗೆಣ್ಣಿ ಬಲಗೈಯಿಂದ ಸೌಟು ಹಿಡಿದಳು. ಸಾರು ಬಟ್ಟಲಿಗೆ ಅರ್ಧ, ಅತ್ತೆಯ ಸೀರೆಯ ಅಂಚಿಗೆ ಅರ್ಧ. ಹೊರಗೆ ನಿಂತ ನಾಲ್ಕು ಜನ ನೋಡುತ್ತಿದ್ದರು. ಅವಳ ಮುಖ ಫ್ಲೆಕ್ಸಿನಲ್ಲಿದ್ದ ಹಾಗೆಯೇ ಆಯಿತು.

ಅತ್ತೆ ಸೀರೆ ಒರೆಸಿಕೊಂಡರು. "ಯಾವ ಕೈಲೆ ಸಲೀಸೋ ಆ ಕೈಲೆ ನೀಡವಾ. ಇರೂದೊಂದು ಛಲೋ ಸೀರಿ ನಂದು."

ಯಾರೋ ನಕ್ಕರು. ಅವಳು ಸೌಟನ್ನು ಎಡಗೈಗೆ ದಾಟಿಸಿದಳು. ಹಂಚು ತಾಗಿ ಸುಟ್ಟ ಹಳೆಯ ಕಲೆ ಇರುವ ಕೈ. ಸಾರು ಒಂದು ಹನಿ ಚೆಲ್ಲದೆ ಬಟ್ಟಲು ತುಂಬಿತು. ಎರಡನೆಯ ರೊಟ್ಟಿ ಹಾಕುವಾಗ ಹುಬ್ಬಿನ ಗಂಟು ಬಿಟ್ಟಿತ್ತು.

ಅತ್ತೆ ರೊಟ್ಟಿ ಮುರಿದರು. ಸಪ್ಪಳ ಹೊರಗೆ ನಿಂತವರಿಗೂ ಕೇಳಿಸಿತು. ಅವರೂ ಒಳಗೆ ಬಂದು ಕುಳಿತರು. ಒಬ್ಬರು ನನ್ನ ಕಡೆ ತಿರುಗಿ "ರೊಟ್ಟಿ ಭಾಳ ಛಲೋ ಆಗ್ಯಾವ್ರಿ" ಎಂದಾಗ ನಾನು ಕೈ ಮಾಡಿ ಅವಳನ್ನು ತೋರಿಸಿದೆ.

ಅಲ್ಲಿ ನನಗೆ ಮಾಡಲು ಕೆಲಸ ಉಳಿದಿರಲಿಲ್ಲ. ಮನೆಗೆ ಬಂದೆ. ರಾತ್ರಿ ಹೆಪ್ಪು ಹಾಕಿದ್ದ ಮೊಸರು ಹದವಾಗಿ ಗಟ್ಟಿಯಾಗಿತ್ತು, ಹುಳಿ ಬಂದಿರಲಿಲ್ಲ. ಕಡಗೋಲು ತೊಳೆದುಕೊಂಡು ಮಜ್ಜಿಗೆ ಕಡೆಯಲು ಕುಳಿತೆ.