ಬೆಲ್ಟು ಕಟ್ಟಿದ ರಾಕ್ಷಸ

ಕಳೆದ ವಾರ ನಮ್ಮ ಮನೆಗೆ ಒಂದು ರಟ್ಟಿನ ಪೆಟ್ಟಿಗೆ ಬಂತು. ಅದರ ತುಂಬ ಮಕ್ಕಳ ಚಿತ್ರಪುಸ್ತಕಗಳು. ಪೊನ್ನಂಪೇಟೆಯಲ್ಲಿ ಚಿಕ್ಕ ಮಕ್ಕಳಿಗೆಂದು ಒಂದು ಓದುಕೋಣೆ ತೆರೆಯುತ್ತಾರಂತೆ. ಯಾವ ಕಥೆ ಮಕ್ಕಳಿಗೆ ತಕ್ಕದ್ದು, ಯಾವುದು ತಕ್ಕದ್ದಲ್ಲ ಎಂದು ತೀರ್ಪು ಕೊಡುವ ಘನಕಾರ್ಯ ನಿವೃತ್ತ ಕನ್ನಡ ಮಾಷ್ಟ್ರಾದ ನನ್ನ ಪಾಲಿಗೆ ಬಂದಿದೆ. ಕನ್ನಡಕ ಒರೆಸಿಕೊಂಡು, ನ್ಯಾಯಾಧೀಶನ ಗಾಂಭೀರ್ಯ ತಂದುಕೊಂಡು ಮುಚ್ಚಳ ತೆಗೆದೆ. ಪೆಟ್ಟಿಗೆಯನ್ನು ಯಾರೋ ಕರಿಮೆಣಸಿನ ಮೂಟೆಗಳ ನಡುವೆ ಇಟ್ಟಿದ್ದರೆಂದು ಕಾಣುತ್ತದೆ. ಘಾಟು ಮೂಗಿಗೆ ಹೊಡೆದು, ಗಾಂಭೀರ್ಯವೆಲ್ಲ ಸೀನಿನಲ್ಲಿ ಹಾರಿಹೋಯಿತು. ಕಣ್ಣೊರೆಸಿಕೊಂಡು ನೋಡಿದರೆ ಮೇಲಿನ ಪುಸ್ತಕದ ರಕ್ಷಾಪುಟದಲ್ಲಿ ಒಬ್ಬ ರಾಕ್ಷಸ, ಹಲ್ಲುನೋವಿಗೆ ಕೆನ್ನೆ ಹಿಡಿದುಕೊಂಡು ಕೂತಿದ್ದಾನೆ. ಪಾಪದವನು. ಆಯಮ್ಮನ ಕೈಗೆ ಸಿಕ್ಕಿದ್ದರೆ ಹಲ್ಲಿನ ಜೊತೆ ತಲೆಯೂ ಹೋಗುತ್ತಿತ್ತು…

ಆಯಮ್ಮ ಶ್ರೀಮಂಗಲದ ಕಡೆಯ ಒಂದು ಎಸ್ಟೇಟಿನಲ್ಲಿ ಕೂಲಿಯವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ತಾಯಂದಿರು ಕಾಫಿ ಹಣ್ಣು ಕುಯ್ಯಲು ತೋಟಕ್ಕೆ ಹೋದರೆ ಮಕ್ಕಳು ಸಂಜೆಯವರೆಗೆ ಇವರ ವಶ. ಮಕ್ಕಳನ್ನು ಕೂರಿಸುತ್ತಿದ್ದದ್ದು ಮೆಣಸು ತುಂಬುತ್ತಿದ್ದ ಹಳೇ ಗೋಡೌನಿನಲ್ಲಿ. ಮೆಣಸು ಹೋಗಿ ವರ್ಷಗಳಾಗಿದ್ದರೂ ಘಾಟು ಗೋಡೆ ಬಿಟ್ಟಿರಲಿಲ್ಲ. ಅಲ್ಲಿನ ಮಕ್ಕಳು ಸೀನುತ್ತಲೇ ಮಾತು ಕಲಿತವು. ಆಯಮ್ಮ ಎತ್ತರದ ಆಳು, ದನಿ ಇನ್ನೂ ಎತ್ತರ. ತಮ್ಮ ಕಥೆಗಳ ಬಗ್ಗೆ ಅವರಿಗಿದ್ದ ಅಭಿಮಾನವನ್ನು ನಾನು ವಿದ್ವಾಂಸರಲ್ಲೂ ಅಷ್ಟಾಗಿ ಕಂಡಿಲ್ಲ.

ಕಥೆಗಳು ಅನೇಕ ಇದ್ದರೂ ಮಕ್ಕಳಿಗೆ ಬೇಕಾಗಿದ್ದದ್ದು ಒಂದೇ. ಹೊಳೆಯ ಆಚೆ ಗುಹೆಯಲ್ಲಿ ಒಬ್ಬ ರಾಕ್ಷಸ. ಮಕ್ಕಳನ್ನು ಹಿಡಿದು, ಬೆರಳುಗಳನ್ನು ಮೊದಲು ಕಡಿದು, ಮೂಳೆ ಚೀಪಿ, ತಲೆಬುರುಡೆಯಲ್ಲಿ ಕಳ್ಳು ಕುಡಿಯುವವನು. ಆಯಮ್ಮ ಮೂಳೆ ಚೀಪುವ ಸದ್ದನ್ನು ಬಾಯಲ್ಲೇ ಮಾಡುತ್ತಿದ್ದರು. ಕೊನೆಯಲ್ಲಿ ರಾಕ್ಷಸನನ್ನು ಮಕ್ಕಳೇ ಕೊಲ್ಲಬೇಕು. ಅದು ಅಲ್ಲಿನ ಕಟ್ಟುನಿಟ್ಟಿನ ಪದ್ಧತಿ. ಸುತ್ತ ಕೂತ ಒಂದೊಂದು ಮಗುವೂ ಎದ್ದು ನಿಂತು, ತನಗೆ ತೋಚಿದ ಆಯುಧದಿಂದ ಒಂದೊಂದು ಏಟು ಹಾಕಬೇಕು. ರಾಕ್ಷಸ ಸಾಯುವ ತನಕ ಯಾರಿಗೂ ಗಂಜಿ ಇಲ್ಲ. ಹಸಿದ ಮಕ್ಕಳ ಕಲ್ಪನೆಗೆ ಮಿತಿಯುಂಟೇ? ಒಬ್ಬ ಕೋವಿಯಿಂದ ಹೊಟ್ಟೆಗೆ ಗುಂಡು ಹೊಡೆದರೆ ಇನ್ನೊಬ್ಬಳು ಕತ್ತಿಯಿಂದ ಕಿವಿ ಕೊಯ್ಯುತ್ತಿದ್ದಳು. ಮತ್ತೊಬ್ಬ ಕಾಡಾನೆಯನ್ನು ಕರೆಸಿ ಎದೆಯ ಮೇಲೆ ಕಾಲಿಡಿಸುತ್ತಿದ್ದ. ನಡೆಯಲು ಇನ್ನೂ ಸರಿಯಾಗಿ ಬಾರದ ಒಂದು ಕೂಸು ತೂರಾಡುತ್ತ ಎದ್ದು, ‘ಕಚ್ತೀನಿ’ ಎಂದು ಕಚ್ಚಿ ಕೂರುತ್ತಿತ್ತು. ರಕ್ತ ಹರಿಯದೆ ಊಟವಿಲ್ಲ.

ಎಸ್ಟೇಟ್ ಮಾಲೀಕರ ಹೆಂಡತಿಗೆ, ಅಂದರೆ ಅಮ್ಮಾವ್ರಿಗೆ, ಈ ಸುದ್ದಿ ಹೇಗೋ ಮುಟ್ಟಿತು. ಅವರು ಒಳ್ಳೆಯವರು. ಗಾಬರಿಯಾಗಿ ಬೆಂಗಳೂರಿನಿಂದ ಮೊಲ, ಬಾತುಕೋಳಿಗಳಿದ್ದ ಚಿತ್ರಪುಸ್ತಕಗಳನ್ನು ತರಿಸಿದರು. ಹಳೇ ಕಥೆ ಇರಬೇಕೋ, ಹೊಸ ಪುಸ್ತಕ ಬರಬೇಕೋ ಎಂದು ತೂಗಿ ನೋಡಲು ನನ್ನನ್ನು ಕರೆಸಿದರು. ಜನಪದ ಕಥೆಗಳ ವಿಷಯದಲ್ಲಿ ಆಗ ಈ ಸೀಮೆಗೆಲ್ಲ ನಾನೇ ಅಧಿಕಾರಿ. ಬೇರೆ ಯಾರೂ ಆ ಹುದ್ದೆಗೆ ಆಸೆಪಟ್ಟಿರಲಿಲ್ಲ, ಅಷ್ಟೆ.

ಪಿಕಿಂಗ್, ಅಂದರೆ ಹಣ್ಣಿನ ಕುಯ್ಲು, ಜೋರಾಗಿ ನಡೆಯುತ್ತಿದ್ದ ಕಾಲ. ಗೋಡೌನಿನ ಜಗಲಿಯಲ್ಲಿ ಗಂಜಿ ಕುದಿಯುತ್ತಿತ್ತು. ನಾನೂ ಅಮ್ಮಾವ್ರೂ ಎರಡು ಕುರ್ಚಿಗಳಲ್ಲಿ ಆಸೀನರಾದೆವು. ಪರೀಕ್ಷಕರು ಬಂದಿದ್ದಾರೆಂದು ಆಯಮ್ಮ ಹೆಚ್ಚೇ ಹುರುಪಿನಲ್ಲಿದ್ದರು. ಕಥೆಯ ನಡುವೆ ನಾನು ಎಲ್ಲೂ ಕೇಳದ ಒಂದು ಭಾಗ ಬಂತು. ರಾಕ್ಷಸ ಗುಹೆಗೆ ಬರುತ್ತಾನೆ. ಮೊದಲು ಚಪ್ಪಲಿ ಬಿಡುತ್ತಾನೆ. ಆಮೇಲೆ ಸೊಂಟದ ಬೆಲ್ಟು ಎಳೆಯುತ್ತಾನೆ, ಸರ್ರ್… ಬಕಲು ಹೊರಗೆ ಬರುವ ಹಾಗೆ ಕೈಗೆ ಸುತ್ತಿಕೊಳ್ಳುತ್ತಾನೆ. ‘ಟಿ.ವಿ. ಜೋರು ಮಾಡು’ ಎನ್ನುತ್ತಾನೆ. ಇಷ್ಟನ್ನೂ ಆಯಮ್ಮ ಎದ್ದು ನಿಂತು, ಸೆರಗನ್ನೇ ಬೆಲ್ಟು ಮಾಡಿಕೊಂಡು, ಕುಣಿದು ತೋರಿಸಿದರು. ‘ಟಿ.ವಿ. ಜೋರು ಮಾಡು!’ ಎಂದು ಮಕ್ಕಳೂ ದನಿಗೂಡಿಸಿ, ಬಿದ್ದು ಬಿದ್ದು ನಕ್ಕವು.

“ತುಂಬಾ ವಯಲೆನ್ಸ್ ಆಯ್ತಲ್ಲ ಆಯಮ್ಮ?” ಎಂದರು ಅಮ್ಮಾವ್ರು, ಮೆಲ್ಲಗೆ.

“ಎಂತ ವಯಲೆನ್ಸ್ ಅಮ್ಮಾ? ಅವನು ತಿನ್ನುವಾಗ ಸುಮ್ಮನೆ ಕೂರಕ್ಕೆ ಆಗ್ತದಾ?”

ನಾನು ಗಂಟಲು ಸರಿಪಡಿಸಿಕೊಂಡೆ. ಜನಪದ ಕಥೆಗಳಲ್ಲಿ ಹಿಂಸೆಯ ಸ್ಥಾನ ಎಂಬ ವಿಷಯವಾಗಿ ಒಂದು ಉಪನ್ಯಾಸ ಕೊಟ್ಟೆ. ಕೊಲೆ ಇರಲಿ, ರಕ್ತ ಇರಲಿ, ಅವು ಪ್ರಾಚೀನ. ಆದರೆ ಬೆಲ್ಟು ಪ್ರಕ್ಷಿಪ್ತ, ಟಿ.ವಿ. ಅಂತೂ ಶುದ್ಧ ಪ್ರಕ್ಷಿಪ್ತ, ಮೂಲ ಕಥೆಯಲ್ಲಿ ಇರಲು ಸಾಧ್ಯವೇ ಇಲ್ಲ ಎಂದು ಸಾರಿದೆ. ಒಳಗೊಳಗೇ ಸಂತೋಷ ಉಕ್ಕುತ್ತಿತ್ತು. ಹೊಸ ಪಾಠಾಂತರ ಸಿಕ್ಕಿದೆಯಲ್ಲ! “ಇದು ನಿಮಗೆ ಯಾರಿಂದ ಬಂತು?” ಎಂದು ಕೇಳಿದೆ.

“ನನ್ನದಲ್ಲ ಮಾಷ್ಟ್ರೇ, ನಮ್ಮ ಈ ಪುಟ್ಟಿ ಸೇರಿಸಿದ್ದು,” ಎಂದರು ಆಯಮ್ಮ ಹೆಮ್ಮೆಯಿಂದ. “ಎಲ್ಲರೂ ಏಟು ಹಾಕಿದ್ರೆ ಇವಳು ಹಾಕುವುದಿಲ್ಲ. ರಾಕ್ಷಸ ಎಂತ ಮಾಡ್ತಾನೆ ಅಂತ ಮಾತ್ರ ಹೇಳ್ತಾಳೆ. ಎಂಥ ತಲೆ ನೋಡಿ! ನಾನು ಹಾಗೇ ತಗೊಂಡೆ.”

ಗೋಡೆಗೆ ಒರಗಿ ಕೂತಿದ್ದಳು ಆ ಹುಡುಗಿ. ಟ್ರಾಕ್ಟರ್ ಡ್ರೈವರನ ಮಗಳು. ಎಲ್ಲರೂ ನಗುವಾಗ ಅವಳೊಬ್ಬಳು ಎರಡೂ ಕಿವಿ ಮುಚ್ಚಿಕೊಂಡಿದ್ದಳು, ಈಗಷ್ಟೇ ಕೈ ತೆಗೆದಿದ್ದಳು. ನಾನು ಬಹಳ ವಾತ್ಸಲ್ಯದಿಂದ, ಪಾಠಾಂತರ ಪೂರ್ತಿ ಸಿಗಲಿ ಎಂದು ಕೇಳಿದೆ: “ಟಿ.ವಿ. ಜೋರು ಮಾಡಿದ ಮೇಲೆ ರಾಕ್ಷಸ ಏನ್ಮಾಡ್ತಾನೆ ಮಗು?”

“ಅಮ್ಮನಿಗೆ ಹೊಡಿತಾನೆ. ಆಮೇಲೆ ಅಮ್ಮನಿಗೆ ನೀರು ಕುಡಿಸ್ತಾನೆ. ನನ್ನ ಹತ್ರ ನೆಲ ಒರೆಸು ಅಂತಾನೆ.”

ಆಯಮ್ಮನ ಮುಖದಲ್ಲಿದ್ದ ಹೆಮ್ಮೆ ಇಳಿದದ್ದನ್ನು ನಾನು ನೋಡಿದೆ. ನನ್ನ ಮುಖ ಹೇಗಾಯಿತೋ, ನೋಡಲು ಕನ್ನಡಿ ಇರಲಿಲ್ಲ. ಅವರು ಸೌಟನ್ನು ಅಮ್ಮಾವ್ರ ಕೈಗೆ ಕೊಟ್ಟು, ಪಿಕಿಂಗ್ ನಡೆಯುತ್ತಿದ್ದ ಕಡೆಗೆ ಇಳಿದು ಹೋದರು. ಎಸ್ಟೇಟಿನ ಒಡತಿ ಕೂಲಿಮಕ್ಕಳ ಗಂಜಿ ಕಲಕುತ್ತ ನಿಂತರು. ಸ್ವಲ್ಪ ಹೊತ್ತಿಗೆ ಆಯಮ್ಮ ಏದುಸಿರು ಬಿಡುತ್ತ ಹಿಂದಿರುಗಿದರು.

“ಪುಟ್ಟಿಯ ಅಮ್ಮನ ರವಿಕೆ ಎತ್ತಿ ನೋಡಿ ಬಂದೆ. ಬೆನ್ನಿಡೀ ಬಕಲಿನ ಅಚ್ಚು ಉಂಟು ಮಾಷ್ಟ್ರೇ. ಹಳತರ ಮೇಲೆ ಹೊಸತು.” ಆಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದರು: “ಇಷ್ಟು ದಿನ ಆ ಮಗುವಿನ ಎದುರಿಗೇ ಕುಣಿದೆನಲ್ಲಾ…”

ಮಧ್ಯಾಹ್ನ ಊಟಕ್ಕೆ ಮನೆಗೆ ಹೊರಟ ಡ್ರೈವರ್ ಆವತ್ತು ಮಗಳನ್ನೂ ಕರೆದೊಯ್ಯಲು ಬಂದ. ಸದಾ ನಗುಮುಖದ ಮನುಷ್ಯ. ಎದುರಿಗೆ ಸಿಕ್ಕಿದ ಕಂಬಕ್ಕೂ ನಮಸ್ಕಾರ ಹೇಳುವವನು. ನನಗೂ ಹೇಳಿದ. ಆಯಮ್ಮ ಬಾಗಿಲಿಗೆ ಅಡ್ಡ ನಿಂತರು.

“ಮಗು ಬರುವುದಿಲ್ಲ.”

“ಎಂತ ಆಯಮ್ಮ, ತಮಾಷೆಯಾ?”

“ಅದರ ಅಮ್ಮನ ಬೆನ್ನು ನೋಡಿ ಬಂದವಳು ನಾನು. ತಮಾಷೆ ಎಂತದು ಅಂತ ನೀನು ಹೇಳು.”

ನಗು ಅವನ ಮುಖದಲ್ಲಿ ಇದ್ದ ಹಾಗೇ ಇತ್ತು. ಕೈ ಮಾತ್ರ ಸೊಂಟಕ್ಕೆ ಹೋಯಿತು. ಸರ್ರ್ ಎಂದಿತು.

ಗೋಡೌನಿನ ಒಳಗಿಂದ ಮಕ್ಕಳೆಲ್ಲ ಒಕ್ಕೊರಲಿನಿಂದ ಕೂಗಿದವು: “ಟಿ.ವಿ. ಜೋರು ಮಾಡು!”

ಅವನು ಒಂದು ಕ್ಷಣ ಕಲ್ಲಾಗಿ ನಿಂತ. ನಾಲ್ಕು ಗೋಡೆಯೊಳಗಿನ ತನ್ನ ಮಾತು ಅಷ್ಟೊಂದು ಮಕ್ಕಳ ಬಾಯಿಗೆ ಹೇಗೆ ಬಂತೆಂದು ಅವನಿಗೆ ತಿಳಿಯುವುದಾದರೂ ಹೇಗೆ? ಆಮೇಲೆ ಬೀಸಿದ. ಬಕಲು ಆಯಮ್ಮನ ಎಡಗಣ್ಣಿಗೆ ಬಿತ್ತು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂಥ ಸದ್ದು. ರಕ್ತ ಕೆನ್ನೆಯ ಮೇಲಿಂದ ಇಳಿದು ಸೆರಗಿಗೆ ಹತ್ತಿತು. ಎರಡನೆಯದು ಅವರ ಹೆಗಲಿಗೆ, ಮೂರನೆಯದು ಬಾಗಿಲ ಚೌಕಟ್ಟಿಗೆ ಬಿತ್ತು. ಅಷ್ಟರಲ್ಲಿ ಮಕ್ಕಳು ಎದ್ದಿದ್ದವು. ಅವುಗಳ ಪಾಲಿಗೆ ಇದು ಪದ್ಧತಿ, ಏಟು ಹಾಕುವ ಹೊತ್ತು, ಗಂಜಿಯ ಹೊತ್ತು. ಸ್ಟೀಲ್ ತಟ್ಟೆಗಳು, ಲೋಟಗಳು, ಮರದ ಗೊಂಬೆಗಳು ಹಾರಿದವು. ಒಂದು ತಟ್ಟೆಯ ಅಂಚು ಅವನ ಹುಬ್ಬು ಸೀಳಿತು. ಕಚ್ಚುವ ಕೂಸು ಕಾಲಿಗೆ ಅಂಟಿಕೊಂಡು ನಿಜವಾಗಿಯೇ ಕಚ್ಚಿತು. ಹಿಂಸೆಯ ಪ್ರಾಚೀನತೆಯ ಬಗ್ಗೆ ಆಗಷ್ಟೇ ಉಪನ್ಯಾಸ ಮುಗಿಸಿದ್ದ ವಿದ್ವಾಂಸರು ಮೊಲದ ಪುಸ್ತಕವನ್ನು ಮುಖಕ್ಕೆ ಹಿಡಿದುಕೊಂಡು ಕುರ್ಚಿಯ ಹಿಂದೆ ವಿರಾಜಮಾನರಾಗಿದ್ದರು.

ಆಯಮ್ಮ ಒಲೆಯಿಂದ ಉರಿಯುತ್ತಿದ್ದ ಕಾಫಿಗಿಡದ ಕೊಳ್ಳಿ ಎಳೆದರು. ಅವನ ಮಣಿಕಟ್ಟಿಗೆ ಒತ್ತಿ ಹಿಡಿದರು. ಚರ್ಮ ಚುರುಗುಟ್ಟಿತು, ಬೆಲ್ಟು ಕಳಚಿ ಬಿತ್ತು. ಆಮೇಲೆ ಅದೇ ಕೊಳ್ಳಿಯಿಂದ ಹೊಡೆದರು, ಹೆಗಲಿಗೆ, ಮೊಣಕಾಲಿಗೆ, ಬೆನ್ನಿಗೆ. ಕೊಳ್ಳಿ ಮುರಿದ ಮೇಲೆ ಮೊಂಡು ತುಂಡಿನಿಂದ ಹೊಡೆದರು. ಅಷ್ಟು ಗಂಟಲಿನ ಹೆಂಗಸು ಆವತ್ತು ಸದ್ದಿಲ್ಲದೆ ಹೊಡೆದದ್ದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಕೂಗು ಕೇಳಿ ಪಿಕಿಂಗಿನ ಹೆಂಗಸರು ಓಡಿಬಂದರು. ಅವರ ನಡುವಿನಿಂದ ಹುಡುಗಿಯ ತಾಯಿ ಮುಂದೆ ಬಂದಳು. ಸೊಂಟದಲ್ಲಿ ಹಣ್ಣಿನ ಚೀಲ ಹಾಗೇ ಇತ್ತು. ಅಳಲಿಲ್ಲ, ಗಂಡನ ಕಡೆ ನೋಡಲೂ ಇಲ್ಲ. ನೆಲದ ಬೆಲ್ಟು ಎತ್ತಿ, ಒಪ್ಪವಾಗಿ ಸುರುಳಿ ಸುತ್ತಿ, ಗಂಜಿಯ ಒಲೆಗೆ ತುರುಕಿದಳು. ಅಂದಿನ ಗಂಜಿಗೆ ಚರ್ಮ ಸುಟ್ಟ ವಾಸನೆ. ರಾಕ್ಷಸ ಸತ್ತನೆಂಬ ನಂಬಿಕೆಯಲ್ಲಿ ಮಕ್ಕಳು ಹೊಟ್ಟೆ ತುಂಬ ಉಂಡವು.

ಆದರೆ ಅವನು ಸತ್ತಿರಲಿಲ್ಲ. ಮೋರಿಯ ಕಟ್ಟೆಯ ಮೇಲೆ ಕೂತು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೊಟ್ಟ ನೀರು ಕುಡಿಯುತ್ತಿದ್ದ. ಗಂಡ ಹೆಂಡಿರ ವಿಷಯ, ಸಂಜೆ ಕೂತು ಮಾತಾಡಿ ರಾಜಿ ಮಾಡಿಸೋಣ ಎಂದು ರೈಟರ್ ಹೇಳಿದರು. ರಾಜಿಗೆ ಎಲ್ಲರೂ ಸೇರುವ ಹೊತ್ತಿಗೆ ತಾಯಿ ಮಗಳು ಅಲ್ಲಿರಲಿಲ್ಲ. ಗಾಯದ ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಆಯಮ್ಮ ಅವರನ್ನು ಅಮ್ಮಾವ್ರೇ ಓಡಿಸಿದ ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ಯಾವುದೋ ಬಸ್ಸು ಹತ್ತಿಸಿ ಬಂದಿದ್ದರು. ಯಾವ ಬಸ್ಸೆಂದು ಅಮ್ಮಾವ್ರಿಗೂ ತಿಳಿಯದಂತೆ ಕಾರನ್ನು ದೂರದಲ್ಲೇ ನಿಲ್ಲಿಸಲು ಹೇಳಿದ್ದರಂತೆ.

ಎಲ್ಲಿಗೆ ಕಳಿಸಿದಿರೆಂದು ಆಯಮ್ಮನನ್ನು ನಾನು ಕೇಳಿದೆ. ಕೇಳದೆ ಇರಲಾಗಲಿಲ್ಲ.

“ನಿಮಗೆ ಬೇಡ ಮಾಷ್ಟ್ರೇ. ನಿಮ್ಮ ಬಾಯಿ ದೊಡ್ಡದು. ಅದನ್ನೂ ಒಂದು ಪಾಠಾಂತರ ಅಂತ ಹೋದಲ್ಲೆಲ್ಲ ಹೇಳ್ತೀರಿ.”

ಆಯಮ್ಮನ ಎಡಗಣ್ಣಿನ ದೃಷ್ಟಿ ಮರಳಲಿಲ್ಲ. ಡ್ರೈವರ್ ಮಳೆಗಾಲ ಹಿಡಿಯುವ ತನಕ ಅವರ ಮನೆಯ ಮುಂದೆ ನಿಂತು ‘ಎಲ್ಲಿ ಹೇಳು’ ಎಂದು ಬೈದ, ಅತ್ತ, ಹೆಂಚಿಗೆ ಕಲ್ಲೆಸೆದ. ಒಮ್ಮೆ ಬಾಗಿಲು ಒಡೆದು ಕುತ್ತಿಗೆಗೂ ಕೈ ಹಾಕಿದ್ದನಂತೆ. ಅವರು ಬಾಯಿ ಬಿಡಲಿಲ್ಲ. ಕೊನೆಗೆ ಅವನು ಯಾವುದೋ ಕಂಟ್ರಾಕ್ಟರನ ಜೊತೆ ಊರು ಬಿಟ್ಟ. ನಮ್ಮ ಪರಿಶೀಲನೆಯ ಫಲವಾಗಿ ಮೊಲದ ಪುಸ್ತಕಗಳು ಗೋಡೌನಿಗೆ ವಿಧ್ಯುಕ್ತವಾಗಿ ಪ್ರವೇಶಿಸಿದವು. ಮಕ್ಕಳು ಮೂರನೆಯ ದಿನಕ್ಕೆ ಮೊಲವನ್ನೂ ಕೊಂದು ಗಂಜಿ ಉಂಡವೆಂದು ಕೇಳಿದೆ. ರಾಕ್ಷಸನ ಕಥೆಯನ್ನೂ ಆಯಮ್ಮ ಬಿಡಲಿಲ್ಲ, ಬೆಲ್ಟನ್ನು ಮಾತ್ರ ತೆಗೆದುಹಾಕಿದ್ದರು. ಯಾಕೆಂದು ಕೇಳಿದ್ದಕ್ಕೆ, “ಅದು ಆ ಮಗುವಿನದ್ದು, ನಾನು ಮುಟ್ಟಬಾರದಿತ್ತು” ಎಂದು ಅತ್ತ ತಿರುಗಿದರು.

ಹೋದ ಮಳೆಗಾಲದಲ್ಲಿ ಆಯಮ್ಮ ತೀರಿಕೊಂಡರು. ಮಣ್ಣು ಮಾಡುವ ದಿನ ಕೊಡೆ ಹಿಡಿದು ನಿಂತಿದ್ದವರ ಮುಖಗಳನ್ನು ನಾನು ಒಂದೊಂದಾಗಿ ನೋಡಿದೆ. ದೂರದ ಊರಿನಿಂದ ಬಂದ ಯಾವಳಾದರೂ ಹುಡುಗಿ ಇದ್ದಾಳೆಯೇ ಎಂದು. ಈಗ ಎದುರಿಗೆ ನಿಂತರೂ ನನಗೆ ಗುರುತು ಸಿಗಲಾರದು. ಎಲ್ಲರೂ ಇಲ್ಲಿಯವರೇ…

ಪೆಟ್ಟಿಗೆಯ ಪುಸ್ತಕಗಳು ಮೇಜಿನ ಮೇಲೆ ಹರಡಿವೆ. ತೀರ್ಪು ಯಾವಾಗ ಎಂದು ಓದುಕೋಣೆಯವರು ಬೆಳಿಗ್ಗೆಯೂ ಫೋನ್ ಮಾಡಿದ್ದರು. ನಾನು ಕೂತು ಯೋಚಿಸುತ್ತಿರುವುದು ಬೇರೆಯೇ. ಆ ಹುಡುಗಿ ಎಲ್ಲಿದ್ದಾಳೆ, ಇದ್ದಾಳೆಯೇ, ಚೆನ್ನಾಗಿದ್ದಾಳೆಯೇ? ಅದು ಗೊತ್ತಿದ್ದವರು ಈ ಸೀಮೆಯಲ್ಲಿ ಒಬ್ಬರೇ. ಬದುಕಿದ್ದರೂ ನನಗೆ ಹೇಳುತ್ತಿರಲಿಲ್ಲ, ಅದು ಖಂಡಿತ. ಆದರೂ ಹೋಗಿ ಕೇಳಿ, ಬೈಸಿಕೊಂಡು ಬರಬಹುದಿತ್ತು.